ಬಿಲ್ಲೆಯ ನಂಬರು, ಜಾಲರಿಯ ಕಣ್ಣು

ಮುಂಗಾರು ಹತ್ತಿರ ಬಂದಾಗ ಚನ್ನಗಿರಿಯ ಗೊಬ್ಬರದಂಗಡಿಗಳಲ್ಲಿ ಮೈಲುತುತ್ತದ ಬಗ್ಗೆ ನಡೆಯುವಷ್ಟು ವಿಚಾರಣೆ ಬೇರಾವುದರ ಬಗ್ಗೆಯೂ ನಡೆಯುವುದಿಲ್ಲ. ದರ ಎಷ್ಟು, ಹರಳು ಹೇಗಿದೆ, ಸುಣ್ಣ ಚಿಪ್ಪಿನದೋ ಕಲ್ಲಿನದೋ. ಎಲ್ಲ ಕಟ್ಟಿಸಿಕೊಂಡು ಚೀಲ ಎತ್ತುವಾಗ, ‘ಹಂಗೇ ಒಂದು ನಾಜಲ್ ಹಾಕ್ರಿ’ ಎನ್ನುತ್ತಾರೆ. ಎಂಥ ನಾಜಲ್ ಎಂದು ಇವರು ಹೇಳುವುದಿಲ್ಲ, ಅಂಗಡಿಯವರು ಕೇಳುವುದಿಲ್ಲ. ಅಷ್ಟೂ ಔಷಧಿ ಗೊನೆ ಮುಟ್ಟಬೇಕಾದ್ದು ಆ ಒಂದು ತೂತಿನ ಮೂಲಕ. ಅದರ ಅಳತೆ ತಪ್ಪಿದರೆ ಎಂಥ ಒಳ್ಳೆಯ ಮೈಲುತುತ್ತವೂ ನೆಲದ ಪಾಲು. ನಾಜಲನ್ನೂ ಅದರ ಹಿಂದಿನ ಜಾಲರಿಯನ್ನೂ ಜೋಡಿಯಾಗಿ, ಬೆಳೆ ನೋಡಿ, ನೀರು ನೋಡಿ ಕೊಳ್ಳಬೇಕೆಂಬುದು ನನ್ನ ಹಟ.

ಅಡಿಕೆಯಿಂದಲೇ ಶುರು ಮಾಡೋಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಪರೀಕ್ಷಿಸಿ ಮಿಲಾರ್ಡೆ 1885ರಲ್ಲಿ ಜಗತ್ತಿಗೆ ತಿಳಿಸಿದ ಮೈಲುತುತ್ತ–ಸುಣ್ಣದ ಮಿಶ್ರಣವನ್ನು ಮೈಸೂರು ಸಂಸ್ಥಾನದ ಅಡಿಕೆ ಮರಕ್ಕೆ ಏರಿಸಿದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಸಂಸ್ಥಾನದ ಸೇವೆಗೆ ಬಂದು, 1910ರಲ್ಲಿ ಕೊಳೆರೋಗದ ಮೇಲೆ ಕೃಷಿ ಇಲಾಖೆಯ ಪುಸ್ತಿಕೆ ಹೊರತಂದರು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೇ ಮಲೆನಾಡಿನ ಉಪಾಯವಾಗಿತ್ತು. ದ್ರಾವಣದ ಈ ಕಥೆ ಹಲವರಿಗೆ ಗೊತ್ತು. ಅದರ ಜೊತೆಜೊತೆಗೇ ಬೆಳೆದ ನಾಜಲಿನ ಕಥೆ ಅಷ್ಟು ಗೊತ್ತಿಲ್ಲ. 1880ರ ದಶಕದಲ್ಲಿ ಅಮೆರಿಕದ ಕೀಟತಜ್ಞ ಚಾರ್ಲ್ಸ್ ರೈಲಿಯವರ ಕಡೆಯಿಂದ ‘ಸೈಕ್ಲೋನ್’ ಎಂಬ ನಾಜಲ್ ಬಂತು. ನೀರು ಓರೆಯಾಗಿ ಒಳಹೊಕ್ಕು, ಗಿರ್ರನೆ ಸುತ್ತಿ, ನಡುವೆ ಟೊಳ್ಳಿರುವ ಮಂಜಾಗಿ ಹೊರಬೀಳುತ್ತಿತ್ತು. ಫ್ರಾನ್ಸಿನ ವೆರ್ಮೊರೆಲ್ ಅದಕ್ಕೊಂದು ಸೂಜಿ ಜೋಡಿಸಿದರು, ಕಟ್ಟಿಕೊಂಡರೆ ಒತ್ತಿ ಬಿಡಿಸಲು. ಇಂದು ನಾವು ಹಾಲೋ ಕೋನ್ ಎಂದು ಕೊಳ್ಳುವುದು ಅದೇ ವಂಶದ್ದು. ಟೋಪಿ ಬಿಚ್ಚಿದರೆ ಒಳಗೆ ಓರೆ ಕಿಂಡಿಗಳ ಸುರುಳಿ ತಟ್ಟೆ, ಅದರ ಮುಂದೆ ತೂತಿನ ಬಿಲ್ಲೆ.

ವೆರ್ಮೊರೆಲ್ಲರಿಗೆ ಸೂಜಿ ಯಾಕೆ ಬೇಕಾಯಿತೆಂಬುದು ಈ ಬೋರ್ಡೋ ದ್ರಾವಣ ಮಾಡಿದವರಿಗೆ ಕೇಳದೆಯೇ ಗೊತ್ತು. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ತುತ್ತ ಪೂರ್ತಿ ಕರಗುತ್ತದೆ; ಸುಣ್ಣ ಕರಗುವುದಿಲ್ಲ, ತೇಲುತ್ತದೆ. ಸರಿಯಾಗಿ ಅರಳದ ಸುಣ್ಣದ ಹರಳು, ಮರಳು, ಚಿಪ್ಪಿನ ಚೂರು ಎಲ್ಲವೂ ಬಿಲ್ಲೆಯ ಕಡೆಗೇ ಹೊರಡುತ್ತವೆ. ಆಗ ನಮ್ಮವರು ಮಾಡುವ ಕೆಲಸವೆಂದರೆ ಜಾಲರಿಯನ್ನೇ ಕಿತ್ತು ಬಿಸಾಡುವುದು. ಅದು ಪದೇಪದೇ ಕಟ್ಟಿಕೊಳ್ಳುತ್ತದಂತೆ. ಜಾಲರಿ ತೆಗೆದ ದಿನದಿಂದ ಆ ಹರಳುಗಳು ಬಿಲ್ಲೆಯ ತೂತನ್ನು ಉಜ್ಜತೊಡಗುತ್ತವೆ. ಹಿತ್ತಾಳೆಯ ಬಿಲ್ಲೆಯಾದರೆ ಸವೆತ ಇನ್ನೂ ಬೇಗ. ಸೋಸುವ ಕೆಲಸ ಪಂಪಿನೊಳಗಲ್ಲ, ಡ್ರಮ್ಮಿನ ಬಾಯಲ್ಲೇ ಆಗಬೇಕು. ಸುಣ್ಣದ ತಿಳಿಯನ್ನು ಮೊದಲು ಬಟ್ಟೆಯಲ್ಲಿ ಸೋಸಿ, ತುತ್ತದ ನೀರನ್ನು ಕಲಕುತ್ತ ಅದಕ್ಕೆ ಸುರಿದು, ಪಂಪಿಗೆ ಎಳೆಯುವ ಮುನ್ನ ಮತ್ತೊಮ್ಮೆ ಸೋಸಬೇಕು. ನಾಜಲ್ ಹಿಂದಿನ ಜಾಲರಿ ಕೊನೆಯ ಕಾವಲು ಮಾತ್ರ.

ಆ ಕಾವಲಿಗೂ ಲೆಕ್ಕವಿದೆ. ಜಾಲರಿಯನ್ನು ಮೆಶ್‌ನಲ್ಲಿ ಅಳೆಯುತ್ತಾರೆ, ಒಂದು ಇಂಚಿನಲ್ಲಿ ಎಷ್ಟು ಕಣ್ಣು ಎಂದು. 50 ಮೆಶ್‌ನ ಕಣ್ಣು ಸುಮಾರು 0.3 ಮಿಲಿಮೀಟರ್, 100 ಮೆಶ್‌ನದು ಅದರ ಅರ್ಧ. ಜಾಲರಿಯ ಕಣ್ಣು ಬಿಲ್ಲೆಯ ತೂತಿಗಿಂತ ಚಿಕ್ಕದಿರಬೇಕು, ಬೇಕಾದ್ದಕ್ಕಿಂತ ಚಿಕ್ಕದಿರಬಾರದು. ಬೋರ್ಡೋದಂಥ ಗಸಿ ದ್ರಾವಣಕ್ಕೆ, ನೀರಲ್ಲಿ ಕಲಸುವ ಪುಡಿ ಔಷಧಿಗೆ 50 ಮೆಶ್ ಸಾಕು. 100 ಹಾಕಿದರೆ ಔಷಧಿಯೇ ಜಾಲರಿಯಲ್ಲಿ ನಿಂತು ನೀರು ಮಾತ್ರ ಮುಂದೆ ಹೋಗುತ್ತದೆ.

ಈ ಜೋಡಿಯ ಶಿಸ್ತನ್ನು ನಾನು ಮೆಚ್ಚುವುದು ಏರ್‌ಲೆಸ್ ಯಂತ್ರದಲ್ಲಿ ಗೋಡೆಗೆ ಬಣ್ಣ ಹೊಡೆಯುವವರಲ್ಲಿ. ಅವರ ಟಿಪ್ ಮೇಲೆ 517 ಎಂದಿದ್ದರೆ, ಮೊದಲ ಅಂಕಿಯ ಎರಡರಷ್ಟು, ಅಂದರೆ ಗೋಡೆಯಿಂದ ಒಂದಡಿ ದೂರದಲ್ಲಿ ಹಿಡಿದಾಗ 10 ಇಂಚು ಅಗಲದ ಪಟ್ಟಿ. ಉಳಿದೆರಡು ಅಂಕಿ ತೂತಿನ ಅಳತೆ, ಇಂಚಿನ ಸಾವಿರದಲ್ಲಿ 17 ಭಾಗ. ಅದಕ್ಕೆ 60 ಮೆಶ್‌ನ ಜಾಲರಿ, ಇನ್ನೂ ಸಣ್ಣ ಟಿಪ್ಪಿಗೆ 100. ಬಣ್ಣದ ಕಂಪನಿಯ ಮಾಹಿತಿ ಹಾಳೆಯಲ್ಲೇ ಟಿಪ್ಪಿನ ಅಳತೆ ಇರುತ್ತದೆ. ನಮ್ಮ ಔಷಧಿ ಡಬ್ಬಿಯ ಮೇಲೆ ಹೆಕ್ಟೇರಿಗೆ ಎಷ್ಟು ನೀರು ಎಂದಿರುತ್ತದೆ. ಆ ನೀರು ಯಾವ ತೂತಿನಿಂದ ಹೋಗಬೇಕೆಂಬ ಲೆಕ್ಕ ನಮ್ಮದೇ.

ಅಡಿಕೆ ಮರದ ಎತ್ತರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದ್ರಾವಣ 10 ಮೀಟರ್ ಮೇಲೇರಿದರೆ ಸುಮಾರು 1 ಬಾರ್ ಒತ್ತಡ ಕಳೆಯಿತು. ಉದ್ದದ ಪೈಪಿನ ಉಜ್ಜಾಟದಲ್ಲಿ ಇನ್ನಷ್ಟು. ಪಂಪಿನ ಮೀಟರಿನಲ್ಲಿ ಕಾಣುವ ಒತ್ತಡ ಗೊನೆಯ ಹತ್ತಿರ ಇರುವುದಿಲ್ಲ. ನೆಲದಲ್ಲೇ ನಿಂತು ಗನ್ನಿನಿಂದ ಹೊಡೆಯುವವರಿಗೆ ದೊಡ್ಡ ತೂತೇ ಗತಿ, ಸಣ್ಣ ಹನಿ ಅಷ್ಟೆತ್ತರ ಹೋಗಿ ಮುಟ್ಟುವುದಿಲ್ಲ. ಮರ ಹತ್ತುವವರು, ಕಾರ್ಬನ್ ಫೈಬರ್ ದೋಟಿ ಹಿಡಿದವರು ಗೊನೆಯ ಪಕ್ಕಕ್ಕೇ ಹೋಗುವುದರಿಂದ ಸಣ್ಣ ಬಿಲ್ಲೆ ಹಾಕಿ, ಕಾಯಿಯ ಸಂದುಸಂದಿಗೂ ಮಂಜು ನುಗ್ಗಿಸಬಹುದು. ಔಷಧಿಯ ಉಳಿತಾಯ ಇರುವುದು ಇಲ್ಲಿ.

ಹೊನ್ನಾಳಿಯ ಹೊಳೆದಂಡೆಯ ಗದ್ದೆಗೆ ಹೋದರೆ ಇದೇ ಹಾಲೋ ಕೋನ್ ಶತ್ರುವಾಗುತ್ತದೆ. ಕಳೆನಾಶಕಕ್ಕೆ ಮಂಜು ಬೇಡವೇ ಬೇಡ. ಗಾಳಿಗೆ ತೇಲಿ ಪಕ್ಕದವರ ಬೆಳೆ ಸುಟ್ಟರೆ ವರ್ಷಗಟ್ಟಲೆಯ ಮನಸ್ತಾಪ. ಇಲ್ಲಿ ಬೇಕಾದ್ದು ಚಪ್ಪಟೆ ಬೀಸಣಿಗೆಯಂತೆ ಹರಡುವ ಫ್ಲಾಟ್ ಫ್ಯಾನ್, ಇಲ್ಲವೇ ದಪ್ಪ ಹನಿಯ ಫ್ಲಡ್ ಜೆಟ್. ಫ್ಲಾಟ್ ಫ್ಯಾನ್ ಮೇಲೆ 11003 ಎಂದಿದ್ದರೆ 110 ಡಿಗ್ರಿ ಹರಡು, 03 ಹರಿವಿನ ನಂಬರು. 3 ಬಾರ್ ಒತ್ತಡದಲ್ಲಿ ಅದರಿಂದ ನಿಮಿಷಕ್ಕೆ ಸುಮಾರು 1.2 ಲೀಟರ್ ಬರುತ್ತದೆ. ಓದಲು ಬಾರದವರೂ ಬಣ್ಣದಲ್ಲೇ ಗುರುತಿಸಬಹುದು: ಅಂತರರಾಷ್ಟ್ರೀಯ ಮಾನಕದಂತೆ 02 ಹಳದಿ, 03 ನೀಲಿ, 04 ಕೆಂಪು. ಹೆಚ್ಚು ಬರಲೆಂದು ಪಂಪಿನ ಒತ್ತಡ ಏರಿಸುವುದು ವ್ಯರ್ಥ. ಹರಿವು ಇಮ್ಮಡಿಯಾಗಲು ಒತ್ತಡ ನಾಲ್ಕು ಪಟ್ಟಾಗಬೇಕು, ಅಷ್ಟರಲ್ಲಿ ಹನಿಯೆಲ್ಲ ಮಂಜಾಗಿ ಗಾಳಿ ಪಾಲು. ದೊಡ್ಡ ನಂಬರಿನ ನಾಜಲ್ ಹಾಕಿ. ಗನ್ನನ್ನು ಎಡಬಲಕ್ಕೆ ಬೀಸದೆ, ಒಂದೇ ಎತ್ತರದಲ್ಲಿ ಹಿಡಿದು ನಡೆಯಿರಿ.

ನ್ಯಾಮತಿ, ಜಗಳೂರುಗಳ ಮೆಕ್ಕೆಜೋಳದ ಮಾತೇ ಬೇರೆ. 2018ರ ಮೇ ತಿಂಗಳಲ್ಲಿ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ಪತ್ತೆಯಾಯಿತು, ಭಾರತದಲ್ಲೇ ಮೊದಲ ಬಾರಿಗೆ. ನಮ್ಮವರು ಲದ್ದಿ ಹುಳು ಎನ್ನುವ ಇದು ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಎಲೆಯ ಮೇಲೆ ಎಷ್ಟು ಮಂಜು ಹರಡಿದರೂ ಅದಕ್ಕೆ ತಾಗದು. ನಾಜಲನ್ನು ನೇರ ಸುಳಿಗೆ ಬಗ್ಗಿಸಿ, ಹರಡನ್ನು ಕಿರಿದು ಮಾಡಿ, ಒಳಗೆ ಇಳಿಯುವಷ್ಟು ದ್ರಾವಣ ಬಿಡಬೇಕು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೊಡೆದರೆ ಒಳ್ಳೆಯದು.

ಜಗಳೂರಿನ ಬೋರ್‌ವೆಲ್ಲಿನ ಗಡಸು ನೀರು ಇನ್ನೊಂದು ತೊಡಕು. ಒಣಗಿದ ನೀರಿನ ಬಿಳಿ ಪೊರೆ ಬಿಲ್ಲೆಯ ತೂತಿನ ಅಂಚಿಗೆ ಕೂತು ಬೀಸಣಿಗೆಯನ್ನು ಎರಡಾಗಿ ಸೀಳುತ್ತದೆ. ಗ್ಲೈಫೋಸೇಟಿನಂಥ ಕಳೆನಾಶಕವನ್ನಂತೂ ನೀರಿನ ಸುಣ್ಣಾಂಶವೇ ಹಿಡಿದಿಟ್ಟು ಮಂದ ಮಾಡುತ್ತದೆ. ಕೂಡಿಟ್ಟ ಮಳೆನೀರಿದ್ದರೆ ಇದಕ್ಕೆ ಬಳಸಿ. ಪೊರೆ ಕಟ್ಟಿದ ಬಿಲ್ಲೆ, ಜಾಲರಿಗಳನ್ನು ರಾತ್ರಿ ವಿನಿಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಬಿಡುತ್ತದೆ. ಪಿನ್ನು, ತಂತಿ ತೂರಬೇಡಿ. ವೆರ್ಮೊರೆಲ್ಲರ ಸೂಜಿ ಅದೇ ತೂತಿಗೆ ಅಳೆದು ಮಾಡಿದ್ದು. ನಮ್ಮ ಪಿನ್ನು ತೂತನ್ನೇ ಗೀರಿ ಅಗಲಿಸುತ್ತದೆ. ಬಾಯಿಟ್ಟು ಊದುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಅದು ವಿಷ, ಮನೆಯ ಹುಡುಗರಿಗೂ ಇದನ್ನು ಹೇಳಿಕೊಡಿ.

ಬಿಲ್ಲೆ ಸವೆದಿದೆಯೋ ಇಲ್ಲವೋ ಕಣ್ಣಿಗೆ ಕಾಣದು, ಅಳೆಯಲೇಬೇಕು. ಅದೇ ನಂಬರಿನ ಹೊಸ ನಾಜಲ್ ಹಾಕಿ, ಬರೀ ನೀರನ್ನು ಒಂದು ನಿಮಿಷ ಅಳತೆ ಪಾತ್ರೆಗೆ ಬಿಡಿ. ಒತ್ತಡ ಬದಲಿಸದೆ ಹಳೆಯದನ್ನೂ ಹಾಗೇ ಅಳೆಯಿರಿ. ಹೊಸದು 1 ಲೀಟರ್ ಕೊಟ್ಟು ಹಳೆಯದು 1.1 ದಾಟಿದರೆ ಹಳೆಯದನ್ನು ಎಸೆಯುವುದೇ ಲೆಕ್ಕ, ಅದು ಪ್ರತಿ ಕ್ಯಾನಿನಲ್ಲೂ ಹತ್ತರಲ್ಲೊಂದು ಪಾಲು ಔಷಧಿ ಹೆಚ್ಚು ಸುರಿಯುತ್ತಿದೆ. ಬೋರ್ಡೋ ಹೊಡೆಯುವವರು ಹಿತ್ತಾಳೆ ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸೆರಾಮಿಕ್ ಬಿಲ್ಲೆ ಕೇಳಿ. ದುಬಾರಿಯಾದರೂ ಸುಣ್ಣದ ಉಜ್ಜಾಟಕ್ಕೆ ಬಹಳ ತಡೆಯುತ್ತದೆ. ಬೋರ್ಡೋದ ಮೊದಲ ಸುತ್ತಿಗೂ ಎರಡನೆಯದಕ್ಕೂ ನಡುವೆ 40–45 ದಿನ ಇರುತ್ತದಲ್ಲ, ಅಷ್ಟರೊಳಗೆ ಈ ಅಳತೆ ಮುಗಿಸಿ, ಒಂದು ಜೊತೆ ಬಿಲ್ಲೆ, ಎರಡು 50 ಮೆಶ್ ಜಾಲರಿ, ಒಂದಿಷ್ಟು ವಾಷರ್ ತಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಂಬರು ಹೇಳಿಯೇ ಕೇಳಿ.