‘ಹೆಡ್’ ಎಂದರೆ ಯಾವ ತಲೆ?

ನವಿಲುತೀರ್ಥದ ಅಣೆಕಟ್ಟೆಗೆ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು ನೀವಾಗಿದ್ದರೆ, ಆ ದಿನ ‘ಹೆಡ್’ ಎಂಬ ಪದ ಎಷ್ಟು ಸಲ ಕಿವಿಗೆ ಬೀಳುತ್ತದೆ ಎಂದು ಎಣಿಸಿ ನೋಡಿ. ಮಕ್ಕಳ ಜೊತೆಗೆ ಬಂದವರು ಹೆಡ್ ಮಾಸ್ತರರು. ಅಣೆಕಟ್ಟು ಮತ್ತು ಅದಕ್ಕೆ ಹೊಂದಿದ ಕಟ್ಟಡಗಳೆಲ್ಲ ಸೇರಿ ಹೆಡ್ ವರ್ಕ್ಸ್. ಕಾಲುವೆಗೆ ನೀರು ಬಿಡುವ ಬಾಗಿಲು ಹೆಡ್ ರೆಗ್ಯುಲೇಟರ್. ಜಲಾಶಯದ ಮಟ್ಟ ಇಳಿದಾಗ ಎಂಜಿನಿಯರರು ‘ಹೆಡ್ ಸಾಲದು’ ಎನ್ನುತ್ತಾರೆ. ದುರಸ್ತಿಯ ವೆಚ್ಚವನ್ನು ಯಾವ ಹೆಡ್‌ನಲ್ಲಿ ತೋರಿಸಬೇಕೆಂಬುದು ಗುಮಾಸ್ತರ ಚಿಂತೆ. ಕಾಲುವೆಯ ಆರಂಭದ ಹೊಲಗಳು ಹೆಡ್‌ನವು, ಕೊನೆಯವು ಟೇಲ್‌ನವು. ಪದ ಒಂದೇ, ಅರ್ಥ ಆರು. ಇವುಗಳಲ್ಲಿ ಒಂದನ್ನು ಮಾತ್ರ ಮೀಟರುಗಳಲ್ಲಿ ಅಳೆಯಬಹುದು. ವಿಜ್ಞಾನದ ತರಗತಿಯಲ್ಲಿ ತೊಡಕಾಗುವುದೂ ಅದೊಂದೇ.

ಆ ತೊಡಕಿಗೆ ಇಂಗ್ಲಿಷಿನಷ್ಟೇ ನಮ್ಮ ಅನುವಾದದ ಅಭ್ಯಾಸವೂ ಕಾರಣ. ‘20 ಮೀಟರ್ ಶಿರವುಳ್ಳ ನೀರು ಟರ್ಬೈನನ್ನು ತಿರುಗಿಸುತ್ತದೆ’ ಎಂಬಂಥ ವಾಕ್ಯವನ್ನು ವಿದ್ಯಾರ್ಥಿಯೊಬ್ಬ ಓದಿದನೆನ್ನಿ. ಅವನಿಗೆ ಏನು ತಿಳಿಯಬೇಕು? ನೀರಿಗೆ ತಲೆಯುಂಟೆ? ಇದ್ದರೂ ಅದು 20 ಮೀಟರ್ ಇರಲು ಸಾಧ್ಯವೆ? ಅವನು ಪ್ರಶ್ನೆ ಕೇಳದೆ ವಾಕ್ಯವನ್ನು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಅರ್ಥ ಮಾತ್ರ ಬರುವುದಿಲ್ಲ.

ಕನ್ನಡದ ತಲೆಯೂ ಕಡಿಮೆಯದಲ್ಲ

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಇಂಗ್ಲಿಷಿಗೆ ಮಾತ್ರ ಅಂಟಿದ ದೋಷವೆಂದು ತಿಳಿಯಬೇಡಿ. ಮನೆಯ ಮುಖ್ಯದ್ವಾರ ತಲೆಬಾಗಿಲು. ಅಕ್ಷರದ ಮೇಲಿನ ಗುರುತು ತಲೆಕಟ್ಟು. ಲೇಖನದ ಹೆಸರು ತಲೆಬರಹ. ಒಂದು ಪೀಳಿಗೆ ಒಂದು ತಲೆಮಾರು. ಒಬ್ಬೊಬ್ಬರ ಪಾಲಿಗೆ ಬರುವ ಆದಾಯ ತಲಾ ಆದಾಯ. ಕಾವೇರಿ ಹುಟ್ಟುವ ಸ್ಥಳ ತಲಕಾವೇರಿ. ಇವುಗಳಲ್ಲಿ ಯಾವುದರಲ್ಲೂ ಕೂದಲಿರುವ ತಲೆಯಿಲ್ಲ, ಆದರೂ ಯಾರಿಗೂ ಗೊಂದಲವಿಲ್ಲ. ಮೇಲಿನದು, ಮೊದಲಿನದು, ಮುಖ್ಯವಾದದ್ದು, ಎಣಿಕೆಯ ಘಟಕ ಎಂಬ ಅರ್ಥಗಳು ಬಳಕೆಯಿಂದಲೇ ಬೇರೆಬೇರೆಯಾಗಿ ನಿಂತಿವೆ.

ಹಾಗಿದ್ದರೆ ನೀರಿನ ‘ಶಿರ’ ಮಾತ್ರ ಏಕೆ ತೊಡಕಾಗುತ್ತದೆ? ತಲೆಬಾಗಿಲನ್ನು ನಾವು ಮೊದಲು ಕಂಡು ಆಮೇಲೆ ಹೆಸರಿಟ್ಟೆವು. ‘ಶಿರ’ವನ್ನಾದರೋ ಏನನ್ನೂ ಕಾಣದೆ ನಿಘಂಟಿನಿಂದ ಎತ್ತಿಕೊಂಡೆವು. ಇಂಗ್ಲಿಷ್ ಪದದ ಮೊದಲ ಅರ್ಥಕ್ಕೆ ಸಂಸ್ಕೃತದ ಸಮಾನಪದ ಹುಡುಕಿದರೆ ಪರಿಭಾಷೆ ಸಿದ್ಧವಾಯಿತೆಂಬ ನಂಬಿಕೆಯೇ ಇಲ್ಲಿರುವ ತಪ್ಪು. ಅನುವಾದಿಸಬೇಕಾದದ್ದು ಪದವನ್ನಲ್ಲ, ಅದು ಅಳೆಯುವ ಪರಿಮಾಣವನ್ನು.

ಅದು ಅಳೆಯುವುದೇನನ್ನು?

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ಕಲ್ಲುಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅಣೆಕಟ್ಟನ್ನು ಆ ಕಣಿವೆಯಲ್ಲಿಯೇ ಕಟ್ಟಿರುವುದರಿಂದ ಗೋಡೆ ಉದ್ದವಾಗಿಲ್ಲ. ಅದರ ಹಿಂದೆ ರೇಣುಕಾಸಾಗರದ ನೀರು ಕಿಲೋಮೀಟರುಗಟ್ಟಲೆ ಹರಡಿದೆ. ಅಷ್ಟೊಂದು ನೀರನ್ನು ಇಷ್ಟು ಚಿಕ್ಕ ಗೋಡೆ ತಡೆಯುವುದು ಹೇಗೆಂದು ಮಕ್ಕಳು ಕೇಳುತ್ತಾರೆ. ಉತ್ತರ ಸರಳ: ಗೋಡೆಯ ಮೇಲಿನ ಒತ್ತಡ, ಹಿಂದೆ ನೀರು ಎಷ್ಟು ದೂರ ಹರಡಿದೆ ಎಂಬುದನ್ನು ಅವಲಂಬಿಸಿಲ್ಲ, ಎಷ್ಟು ಆಳವಿದೆ ಎಂಬುದನ್ನು ಅವಲಂಬಿಸಿದೆ. ನೀರಿನ ಮೇಲ್ಮೈಯಿಂದ 10 ಮೀಟರ್ ಕೆಳಗೆ ನೀರಿನಿಂದಾಗುವ ಒತ್ತಡ ಸುಮಾರು 98 ಕಿಲೋಪ್ಯಾಸ್ಕಲ್, 30 ಮೀಟರ್ ಕೆಳಗೆ ಸುಮಾರು 294. ಆದ್ದರಿಂದಲೇ ಒತ್ತಡವನ್ನು ನೀರಿನ ಎತ್ತರವಾಗಿ ಹೇಳುವ ರೂಢಿ ಬಂದಿತು. ಆ ಎತ್ತರವೇ ಹೆಡ್.

ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಒಂದು ಅಗಲವಾದ ಮತ್ತು ಒಂದು ಕಿರಿದಾದ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ತಳದಿಂದ ಸಮಾನ ಎತ್ತರದಲ್ಲಿ ಒಂದೇ ಅಳತೆಯ ರಂಧ್ರ ಮಾಡಿ, ಸಮಮಟ್ಟಕ್ಕೆ ನೀರು ತುಂಬಿ, ಮುಚ್ಚಳ ತೆಗೆದು ಬಿಡಿ. ಆರಂಭದಲ್ಲಿ ಎರಡೂ ಧಾರೆಗಳು ಸಮಾನ ದೂರಕ್ಕೆ ಚಿಮ್ಮುತ್ತವೆ. ಕಿರಿದಾದ ಬಾಟಲಿಯ ಧಾರೆ ಮಾತ್ರ ಬೇಗ ಕುಗ್ಗುತ್ತದೆ. ಧಾರೆಯ ವೇಗವನ್ನು ನಿರ್ಧರಿಸುವುದು ಎತ್ತರ; ಅದು ಎಷ್ಟು ಹೊತ್ತು ಹರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಸಂಗ್ರಹ. ಇಷ್ಟನ್ನು ಕಂಡ ಮಗುವಿಗೆ ‘ನೀರಿನ ಎತ್ತರ’ ಎಂದರೆ ಸಾಕು, ‘ಶಿರ’ ಬೇಡ.

ಆದರೆ ‘ಎತ್ತರ’ ಎಂಬ ಪದ ಎಲ್ಲ ಕಡೆಗೂ ಸಾಲದು ಎಂಬುದನ್ನೂ ಒಪ್ಪಬೇಕು. ಡೇನಿಯಲ್ ಬರ್ನೂಲಿಯ 1738ರ ಗ್ರಂಥದಿಂದ ಬೆಳೆದು ಬಂದ ಚಿಂತನೆಯಲ್ಲಿ ಮೂರು ಬಗೆಯ ಹೆಡ್‌ಗಳಿವೆ: ಸ್ಥಾನದ್ದು, ಒತ್ತಡದ್ದು, ವೇಗದ್ದು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿಯುವ ನೀರಿಗೆ ವೇಗದ ಬಾಬ್ತು ಸುಮಾರು 20 ಸೆಂಟಿಮೀಟರ್ ಹೆಡ್ ಇದೆ. ಆದರೆ ಅಲ್ಲಿ ಕಣ್ಣಿಗೆ ಕಾಣುವ ಎತ್ತರವಿಲ್ಲ. ಇಲ್ಲಿ ಹೆಡ್ ಎಂದರೆ ಒಂದು ನ್ಯೂಟನ್ ತೂಕದ ನೀರಿನಲ್ಲಿರುವ ಶಕ್ತಿ. ಜೌಲನ್ನು ನ್ಯೂಟನ್‌ನಿಂದ ಭಾಗಿಸಿದರೆ ಮೀಟರ್ ಉಳಿಯುತ್ತದೆ. ಈ ಹಂತದಲ್ಲಿ ‘ಶೀರ್ಷ’ ಎಂಬ ಪಾರಿಭಾಷಿಕ ಪದಕ್ಕೆ ನನ್ನ ಆಕ್ಷೇಪವಿಲ್ಲ. ಒತ್ತಡ ಶೀರ್ಷ, ವೇಗ ಶೀರ್ಷ ಎಂದು ಸಮಾಸ ಮಾಡಲೂ ಅದು ಒಗ್ಗುತ್ತದೆ. ಆದರೆ ಮೇಲಿನ ವಿವರಣೆ ಮೊದಲು ಬರಲಿ, ಪದ ಆಮೇಲೆ ಬರಲಿ.

ತಲೆಯಿಂದ ಬಾಲಕ್ಕೆ

ಪದದ ವಿಷಯಕ್ಕೆ ಇಷ್ಟು ಜಗ್ಗಾಟ ಏಕೆ ಎಂದು ನೀವು ಕೇಳಬಹುದು. ಕಾಲುವೆಯ ಗುಂಟ ನಡೆದು ನೋಡಿ. ಮಲಪ್ರಭಾ ಬಲದಂಡೆ ಕಾಲುವೆ ಸವದತ್ತಿಯಿಂದ ನವಲಗುಂದ, ನರಗುಂದಗಳ ಕಪ್ಪುನೆಲದತ್ತ ಸಾಗುತ್ತದೆ. ಹರಿಯುವ ನೀರು ತನ್ನ ಹೆಡ್ಡನ್ನು ಘರ್ಷಣೆಗೆ ತೆರುತ್ತ ಹೋಗುತ್ತದೆ. ಹೂಳು, ಕಳೆ ಬೆಳೆದಷ್ಟೂ ತೆರಿಗೆ ಹೆಚ್ಚು. ‘ತಲೆ ನಷ್ಟ’ ಎಂದು ಅನುವಾದಿಸಿದರೆ ಓದುಗ ನಗುತ್ತಾನೆ. ‘ಶಕ್ತಿಯ ಇಳಿತ’ ಎಂದರೆ ಯೋಚಿಸುತ್ತಾನೆ. ತೂಬಿನಿಂದ ಹೊಲಕ್ಕೆ ಹರಿಯುವ ನೀರು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ತೂಬಿನ ಮೇಲಿನ ನೀರು 36 ಸೆಂಟಿಮೀಟರಿನಿಂದ 9ಕ್ಕೆ ಇಳಿದರೆ ಹೊಲದ ಪಾಲು ಅರ್ಧವಾಗುತ್ತದೆ. ಮಟ್ಟ ತೂಬಿನ ಬಾಯಿಗಿಂತಲೂ ಕೆಳಗಿಳಿದರೆ, ಕಾಲುವೆಯಲ್ಲಿ ನೀರಿದ್ದರೂ ಹೊಲಕ್ಕೆ ಹನಿಯಿಲ್ಲ.

ಹೆಡ್‌ನಲ್ಲಿ ಬಿಟ್ಟ ನೀರನ್ನು ಅಳೆದವರ ಲೆಕ್ಕ ಒಂದು, ಟೇಲ್‌ನಲ್ಲಿ ಕಾದವರ ಲೆಕ್ಕ ಇನ್ನೊಂದು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಿಗೆ ಎಡೆಯಾದ ರೈತ ಚಳವಳಿಯ ಮುಖ್ಯ ಬೇಡಿಕೆಗಳಲ್ಲಿ ನೀರಾವರಿಯ ಅಭಿವೃದ್ಧಿ ಕರವನ್ನು ಕೈಬಿಡಬೇಕೆಂಬುದೂ ಇತ್ತು. ನೀರು ಮುಟ್ಟದ ಹೊಲಕ್ಕೂ ಕರವೆ ಎಂಬುದು ರೈತರ ಪ್ರಶ್ನೆಯಾಗಿತ್ತು. ಆ ಸಂಘರ್ಷಕ್ಕೆ ಪರಿಭಾಷೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕಾಲುವೆಯ ಕೊನೆಗೆ ನೀರು ಏಕೆ ತಲುಪಲಿಲ್ಲ ಎಂಬುದನ್ನು ರೈತನ ಮಗಳು ತನ್ನ ಭಾಷೆಯಲ್ಲಿ ಲೆಕ್ಕ ಹಾಕಿ ಕೇಳಬಲ್ಲಳಾದರೆ, ಉತ್ತರ ಹೇಳುವವರು ‘ಹೆಡ್ ಸಾಲದು’ ಎಂದು ಕೈತೊಳೆದುಕೊಳ್ಳುವುದು ಸುಲಭವಲ್ಲ.

ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೆ. ಪಾಠದಲ್ಲಿ ‘ಶಿರ’ ಅಥವಾ ‘ಶೀರ್ಷ’ ಬಂದಾಗ ‘ಇದನ್ನು ಯಾವುದರಲ್ಲಿ ಅಳೆಯುತ್ತೀರಿ?’ ಎಂದು ಮೊದಲು ಕೇಳಿ. ನಿಂತ ನೀರಾದರೆ ‘ನೀರಿನ ಎತ್ತರ’ ಎನ್ನಿ. ಹರಿಯುವ ನೀರಾದರೆ ಶಕ್ತಿಯನ್ನು ವಿವರಿಸಿ ‘ಶೀರ್ಷ’ ಎನ್ನಿ. ಕಾಲುವೆಯ ವಿಷಯವಾದರೆ ‘ಮೊದಲು’ ಮತ್ತು ‘ಕೊನೆ’ ಎನ್ನಿ. ಹೆಡ್ ಮಾಸ್ತರರನ್ನು ಮಾತ್ರ ಹಾಗೆಯೇ ಬಿಡಿ. ಅವರಿಂದ ಯಾರಿಗೂ ಗೊಂದಲವಾಗಿಲ್ಲ.