ಮೈಸೂರಿನ ಓಲೆಗರಿಗಳು ಮತ್ತು ನಾವು

ವಿಶ್ವವಿದ್ಯಾನಿಲಯದ ಗ್ರಂಥಭಂಡಾರಗಳ ಬಗ್ಗೆ ನಮ್ಮವರು ಬರೆಯುವುದು ಕಡಿಮೆ. ಅದು ಪಂಡಿತರ ಕೆಲಸ ಅಂತ ಬಿಟ್ಟುಬಿಟ್ಟಿದ್ದೇವೆ. ಅವರು ಬರೆದಾಗ ಬರುವ ಮಾತು ಒಂದೇ: ಅಮೂಲ್ಯ ನಿಧಿ, ನಾಡಿನ ಹೆಮ್ಮೆ. ಈ ನಾಡಿನೊಳಗೆ ಹೊಲಗೇರಿ ಇದೆಯೋ ಇಲ್ಲವೋ ಅಂತ ಕೇಳುವ ಕೆಲಸ ಮಾತ್ರ ಹಾಗೇ ಉಳಿದಿದೆ. ಅದನ್ನು ನಾವೇ ಮಾಡಬೇಕು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ತಗೊಳ್ಳೋಣ. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾಯಿತು. 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಸಾವಿರಾರು ಓಲೆಗರಿ ಕಟ್ಟುಗಳು ಅಲ್ಲಿವೆ. ಅದರ ಕೀರ್ತಿಗೆಲ್ಲ ಕಿರೀಟ ಕೌಟಿಲ್ಯನ ಅರ್ಥಶಾಸ್ತ್ರ. ಸಿಕ್ಕುವುದೇ ಇಲ್ಲ ಅಂದುಕೊಂಡಿದ್ದ ಈ ಗ್ರಂಥದ ಓಲೆಪ್ರತಿಯನ್ನು 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದುಕೊಟ್ಟರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ಆ ಗರಿಗಳನ್ನು ಓದಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಹಿಂದೂಸ್ಥಾನದವರಿಗೆ ಪರಲೋಕದ ಚಿಂತೆ ಬಿಟ್ಟರೆ ರಾಜ್ಯದ ಚಿಂತೆ ಗೊತ್ತಿಲ್ಲ ಎನ್ನುತ್ತಿದ್ದ ಬಿಳಿಯರ ಬಾಯಿ ಅದರಿಂದ ಮುಚ್ಚಿತು. ಶಾಸ್ತ್ರಿಗಳ ದುಡಿಮೆ ದೊಡ್ಡದು. ಅದನ್ನು ಇಲ್ಲ ಅನ್ನುವುದು ನಮ್ಮ ಉದ್ದೇಶವಲ್ಲ.

ನಮ್ಮ ತಕರಾರು ಬೇರೆ. ಅರ್ಥಶಾಸ್ತ್ರವನ್ನು ಹೊಗಳುವವರು ಅದರ ತೂಕ, ಅಳತೆ, ಗಣಿ, ಆನೆ, ಗೂಢಚಾರರ ಬಗ್ಗೆ ಹೇಳ್ತಾರೆ. ಕೋಟೆಯೊಳಗೆ ಊರು ಕಟ್ಟುವ ಅಧ್ಯಾಯವನ್ನು ಬೇಗ ಬೇಗ ದಾಟಿಬಿಡ್ತಾರೆ. ಅಲ್ಲಿ ಯಾವ ವರ್ಣದವರು ಯಾವ ದಿಕ್ಕಿಗೆ ಎಂಬ ಲೆಕ್ಕವಿದೆ. ಚಂಡಾಲರಿಗೂ ಪಾಷಂಡಿಗಳಿಗೂ ಕೊಟ್ಟ ಜಾಗ ಸ್ಮಶಾನದ ಅಂಚು. ಇನ್ನೊಂದು ಕಡೆ ಶತ್ರುರಾಜನ ಕಡೆಯವರನ್ನು ಒಡೆಯುವ ಉಪಾಯ ಹೇಳುವಾಗ ಚಂಡಾಲರ ಬಾವಿಯ ಹೋಲಿಕೆ ಬರುತ್ತದೆ. ಆ ಬಾವಿ ಅವರಿಗೆ ಬಿಟ್ಟು ಬೇರೆ ಯಾರಿಗೂ ಉಪಯೋಗಕ್ಕಿಲ್ಲ, ಆ ನೀಚ ರಾಜನೂ ಹಾಗೇ ಅಂತ ಗೂಢಚಾರ ಕಿವಿಯೂದಬೇಕಂತೆ. ಹೋಲಿಕೆ ಹುಟ್ಟುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಿಂದ. ಅಂದರೆ ಬಾವಿ ಆಗಲೇ ಬೇರೆಯಾಗಿತ್ತು, ಅದು ಬೀದಿಯ ಮಾತಾಗಿತ್ತು. ಊರ ಬಾವಿಗೆ ಹಗ್ಗ ಬಿಡಲಾರದೆ ಕೊಡ ಹಿಡಿದು ಕಾಯುತ್ತಿದ್ದ ನಮ್ಮ ಅವ್ವಂದಿರಿಗೆ ಇದನ್ನು ಯಾವ ಪಂಡಿತರೂ ವ್ಯಾಖ್ಯಾನ ಮಾಡಬೇಕಾಗಿಲ್ಲ.

ಹಾಗಾದರೆ ಏನು ಮಾಡೋಣ? ಸುಟ್ಟುಬಿಡೋಣವೇ? ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟರು. ಅದೇ ಬಾಬಾಸಾಹೇಬರು ಪುಸ್ತಕಕ್ಕೆ ಜಾಗ ಬೇಕೆಂದು ಮುಂಬಯಿಯಲ್ಲಿ ರಾಜಗೃಹ ಕಟ್ಟಿಸಿದರು. ಶಾಸ್ತ್ರಗಳನ್ನು ಸಾಲುಸಾಲಾಗಿ ಓದಿ, ಅದೇ ಸಾಲುಗಳನ್ನು ಎತ್ತಿ ಹಿಡಿದು ಜವಾಬು ಕೇಳಿದರು. ಸುಡುವ ಹಕ್ಕು ಅವರಿಗೆ ಬಂದದ್ದು ಓದಿದ್ದರಿಂದ. ಆದ್ದರಿಂದ ಆ ಓಲೆಗಳಿಗೆ ಹುಳ ಹಿಡಿಯಬಾರದು, ಎಣ್ಣೆ ಸವರಿ ಜೋಪಾನ ಮಾಡಲಿ ಅಂತಲೇ ನಾವು ಹೇಳ್ತೇವೆ. ನಮ್ಮ ಮೇಲಿನ ಅಪರಾಧಕ್ಕೆ ಅದು ಲಿಖಿತ ಸಾಕ್ಷಿ. ಸಾಕ್ಷಿಯನ್ನು ನಾಶ ಮಾಡಿದರೆ ಲಾಭ ಅಪರಾಧಿಗೆ.

ಓಲೆಯೆಲ್ಲ ಶತ್ರುವಿನದೂ ಅಲ್ಲ. ತನ್ನ ಕಸುಬಿನ ಉಳಿ-ಕತ್ತಿಯನ್ನೇ ಅಂಕಿತದಲ್ಲಿಟ್ಟ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ ನಮ್ಮವರೆಗೆ ಬಂದದ್ದು ಓಲೆಯ ಮೇಲೇ. ಮಠ, ಮನೆಗಳಲ್ಲಿದ್ದ ಕಟ್ಟುಗಳನ್ನು ಹುಡುಕಿ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದ ಮೇಲೆ ಅವು ಹೊರಗೆ ಬಂದವು. ಅಲ್ಲಿಯವರೆಗೆ ಪೂಜೆ ಆಗುತ್ತಿತ್ತು, ಓದು ಕಡಿಮೆ. ಕಾಳವ್ವೆಯ ಮಾತಿಗೆ ಅರಿಶಿನ ಕುಂಕುಮ ಬಿತ್ತು. ಕಾಳವ್ವೆಯ ಕುಲದ ಹೆಂಗಸು ಹೊಸಿಲಾಚೆ ನಿಂತಳು. ಗ್ರಂಥವನ್ನು ದೇವರು ಮಾಡಿದರೆ ಆಗುವುದು ಇಷ್ಟೇ.

ಅದೇ 1905ರ ಸುಮಾರಿಗೆ ಮೈಸೂರಿನಲ್ಲಿ ರಾಜಕುಮಾರಿಗಾಗಿ ಜಯಲಕ್ಷ್ಮಿವಿಲಾಸ ಅರಮನೆ ಎದ್ದಿತು. ಮುಂದೆ ಅದು ವಿಶ್ವವಿದ್ಯಾನಿಲಯದ ಸ್ವತ್ತಾಗಿ, 1960ರ ದಶಕದ ಕೊನೆಗೆ ಜಾನಪದ ವಸ್ತುಸಂಗ್ರಹಾಲಯಕ್ಕೆ ಜಾಗವಾಯಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯ ಅಂಥವರು ಹಳ್ಳಿ ಹಳ್ಳಿ ಅಲೆದು ತೊಗಲುಗೊಂಬೆ, ವಾದ್ಯ, ನೇಗಿಲು, ಬುಟ್ಟಿ ತಂದರು. ಕೆಲಸ ಒಳ್ಳೆಯದೇ. ಆದರೆ ವಿಂಗಡಣೆ ನೋಡಿ. ಓಲೆ ಅಂದರೆ ಶಾಸ್ತ್ರ, ತಮಟೆ ಅಂದರೆ ವಸ್ತು. ಅದಕ್ಕೆ ಸಂಶೋಧನಾಲಯ, ಇದಕ್ಕೆ ಗಾಜಿನ ಪೆಟ್ಟಿಗೆ. ತೊಗಲು ಹದ ಮಾಡುವುದು, ಬೆಂಕಿಯಲ್ಲಿ ಕಾಯಿಸಿ ಶ್ರುತಿಗೆ ತರುವುದು ವಿದ್ಯೆಯಲ್ಲವೇ? ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಥೆ ಹೇಳುವ ನೀಲಗಾರನ ತಲೆಯೊಳಗೆ ಒಂದು ಭಂಡಾರವೇ ಇದೆ. ಅದಕ್ಕೆ ಬೀರು ಇಲ್ಲ, ಬೀಗ ಇಲ್ಲ. ಅವನು ಸತ್ತರೆ ಅವನು ಹೇಳುತ್ತಿದ್ದ ಪಾಠವೂ ಹೋಯ್ತು. ಅಂಥ ಹಾಡನ್ನು ಬರೆದುಕೊಂಡು ಗ್ರಂಥ ಮಾಡಿದಾಗ ಮುಖಪುಟದ ಮೇಲೆ ಸಂಪಾದಕರ ಹೆಸರಿನ ಜೊತೆಗೆ ಹಾಡಿದವನ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಇದು ಉಪಕಾರ ಅಲ್ಲ, ಬಾಕಿ.

ಕೊನೆಗೆ ನಮ್ಮ ಕಾಗದಗಳ ಮಾತು. 1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಹೊಡೆತ ತಿಂದರು. ಆಗಿನಿಂದ ನಾವು ಹೊರಡಿಸಿದ ಕರಪತ್ರ, ಕಲ್ಲಚ್ಚಿನ ಹಾಡಿನ ಪುಸ್ತಕ, ನಾಲ್ಕು ಸಂಚಿಕೆಗೆ ನಿಂತ ಪತ್ರಿಕೆ ಎಲ್ಲಿವೆ? ಯಾರದೋ ಅಟ್ಟದ ಮೇಲೆ, ಗೆದ್ದಲಿನ ಬಾಯಲ್ಲಿ. ಬಾಬಾಸಾಹೇಬರದೇ ಕೈಬರಹಗಳು 1956ರ ನಂತರ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದವು. ಮಹಾರಾಷ್ಟ್ರ ಸರ್ಕಾರ ಸಂಪುಟ ತರಲು ಶುರುಮಾಡಿದ್ದು 1979ರಲ್ಲಿ. ಅವರದೇ ಹಾಗಾದರೆ ನಮ್ಮ ಚೂರುಪಾರು ಕಾಗದದ ಗತಿ ಏನು?

ಆದ್ದರಿಂದ ಮೇಷ್ಟರುಗಳಲ್ಲಿ ಒಂದು ಕೇಳಿಕೆ. ನಿಮ್ಮೂರಿನ ಹಾಡುಗಾರರ ಹೆಸರು, ವಯಸ್ಸು, ಕೇರಿ, ಅವರು ಬಲ್ಲ ಕಥೆಗಳ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ವಿದ್ಯಾರ್ಥಿ ಗೆಳೆಯರು ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿ ಓಲೆಗಳನ್ನು ನೋಡಿ, ಹಳೆಯ ಲಿಪಿ ಕಲಿಯಿರಿ. ಕಷ್ಟ, ಆದರೆ ಬರುತ್ತೆ. ಅಟ್ಟದ ಮೇಲಿನ ಕರಪತ್ರಗಳನ್ನು ಇಳಿಸಿ, ಧೂಳು ಕೊಡವಿ, ತೇದಿ ಬರೆದು ಕಟ್ಟಿಡಿ. ಕೌಟಿಲ್ಯನ ಬೀರುವಿನ ಪಕ್ಕದಲ್ಲೇ ಇವಕ್ಕೂ ಒಂದು ಬೀರು ಕೊಡಿ ಅಂತ ಒಟ್ಟಾಗಿ ಹೋಗಿ ಕೇಳೋಣ.