ದೈವ ಕೊಟ್ಟ ನೆಲ, ದೈವ ತಪ್ಪಿಸಿದ ನೆಲ

ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ನೋಡುವಾಗ ನನಗೆ ನೆನಪಾದವನು ಬೈಬಲ್ಲಿನ ನಾಬೋತ. ಅರಸ ಅಹಾಬನಿಗೆ ಅವನ ದ್ರಾಕ್ಷಿತೋಟ ಬೇಕಾಗಿತ್ತು. ಹಿರಿಯರ ನೆಲ, ಕೊಡಲಾರೆ ಅಂದ. ಸುಳ್ಳುಸಾಕ್ಷಿ ಹುಟ್ಟಿಸಿ ಕಲ್ಲೆಸೆದು ಕೊಂದರು. 1847ರಲ್ಲಿ ಅರಸ ದೈವಕ್ಕೆ ಮಾತು ಕೊಟ್ಟು ಬಿಟ್ಟ ಕಾಡು ಈಗ ಧಣಿಗೆ ಬೇಕು. ಕೋಲ ಕಟ್ಟುವ ಗುರುವ ದೈವದ ಬಾಯಲ್ಲಿ ಧಣಿಯ ಮಾತು ಆಡಲಿಲ್ಲ, ಸತ್ತ. ಇದು ಮಕ್ಕಳ ಕತೆಯಲ್ಲ. ಆ ಕತ್ತಲು, ಆ ಕೂಗು! ನಮ್ಮ ಗಳಗನಾಥದ ಕಡೆ ದುರಗವ್ವ ಮೈಮೇಲೆ ಬಂದದ್ದನ್ನ ಕಂಡವರಿಗೆ ಮೈ ನಡುಗತೈತಿ.

ಆದರೆ ಅಲ್ಲಿ ಎಲೀಯನೆಂಬ ಮನುಷ್ಯ ಅರಸನೆದುರು ನಿಂತು ಕೊಲೆಯ ಲೆಕ್ಕ ಕೇಳುತ್ತಾನೆ. ಇಲ್ಲಿ ಗುಳಿಗ ಬಂದು ಲೆಕ್ಕ ತೀರಿಸುತ್ತಾನೆ. ಪಂಜುರ್ಲಿ ಊರವರ ಕೈಯನ್ನು ಅರಣ್ಯಾಧಿಕಾರಿಯ ಕೈಗೆ ಕೂಡಿಸಿ ಮಾಯವಾಗುತ್ತಾನೆ. ಪಹಣಿ ಯಾರ ಹೆಸರಿಗೈತಿ? ಸಿನಿಮಾ ಹೇಳೂದಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇಲ್ಲಿ ಕುಟುಕುತ್ತದೆ. ತುಂಡು ಗದ್ದೆಗಾಗಿ ಕ್ರೈಸ್ತನಾಗಲು ಹೊರಟ ಅಸ್ಪೃಶ್ಯ ಚೋಮನನ್ನು ಹಿಂದೆಳೆದದ್ದು ಇದೇ ಪಂಜುರ್ಲಿಯ ಮೇಲಿನ ನಂಬಿಕೆ. ಪಾದ್ರಿಯೇನು ಕಡಿಮೆಯೆ? ನೆಲಕ್ಕೆ ಬೆಲೆಯಾಗಿ ಬಡವನ ದೈವವನ್ನು ಕೇಳಿದ ಇಗರ್ಜಿ ನಾಬೋತನ ಪುಟವನ್ನು ಸರಿಯಾಗಿ ಓದಿರಲಿಲ್ಲ. ಚೋಮ ಗದ್ದೆಯಿಲ್ಲದೆ ದುಡಿ ಬಡಿಯುತ್ತಲೇ ಸತ್ತ.